ಅತಿವಾಸ್ತವ: ಇಲ್ಲಿ ‘ಅತಿ’ ಎಂದರೆ ಜಾಸ್ತಿ ಅಲ್ಲ

ಒಂದೊಂದು ಕೂದಲನ್ನೂ ಎಣಿಸಬಹುದು ಅನ್ನುವಷ್ಟು ನೈಜವಾದ ಕಂಪ್ಯೂಟರ್ ಅನಿಮೇಶನ್ ಚಿತ್ರವನ್ನು ‘ಅತಿವಾಸ್ತವ ಶೈಲಿ’ ಎಂದು ಹೊಗಳಿದ್ದನ್ನು ಮತ್ತೊಮ್ಮೆ ಓದಿದೆ. ಇನ್ನು ಸುಮ್ನೆ ಇರಲು ಆಗುತ್ತಿಲ್ಲ. ಆ ಪದದ ಅರ್ಥ ಇದಕ್ಕೆ ಪೂರ್ತಿ ಉಲ್ಟಾ.

ಗೊಂದಲವೆಲ್ಲ ‘ಅತಿ’ಯದು. ಅತಿವೃಷ್ಟಿ ಎಂದರೆ ಮಳೆ ಹೆಚ್ಚಾಯಿತು. ಅತಿಯಾಸೆ ಎಂದರೆ ಆಸೆ ಹೆಚ್ಚಾಯಿತು. ಹಾಗಾದರೆ ಅತಿವಾಸ್ತವ ಎಂದರೆ ವಾಸ್ತವ ಹೆಚ್ಚಾಯಿತು, ಅಲ್ವಾ? ಅಲ್ಲ. ಅತಿಗೆ ‘ಮೀರಿದ’, ‘ದಾಟಿದ’ ಎಂಬ ಅರ್ಥವೂ ಇದೆ. ಅತೀಂದ್ರಿಯ ಎಂದರೆ ಇಂದ್ರಿಯಗಳಿಗೆ ಸಿಗದ್ದು. ಅತಿಮಾನುಷ ಎಂದಾಗ ಮನುಷ್ಯತ್ವ ತುಂಬಾ ಇರುವವನು ಎಂದು ಯಾರೂ ತಿಳಿಯುವುದಿಲ್ಲ. ಅತಿವಾಸ್ತವ ಈ ಗುಂಪಿನ ಪದ, ಸರ್ರಿಯಲ್ ಎಂಬುದಕ್ಕೆ ನಾವು ಕೊಟ್ಟ ಕನ್ನಡ. ಫ್ರೆಂಚ್‌ನಲ್ಲಿ ‘ಸುರ್’ ಎಂದರೆ ಮೇಲೆ. ಅದನ್ನು ರಿಯಲಿಸಂಗೆ ಜೋಡಿಸಿ 1917ರಲ್ಲಿ ಸರ್ರಿಯಲಿಸಂ ಎಂಬ ಪದ ಹುಟ್ಟಿಸಿದ್ದು ಫ್ರೆಂಚ್ ಕವಿ ಅಪೊಲಿನೇರ್. 1924ರ ಸರ್ರಿಯಲಿಸಂ ಪ್ರಣಾಳಿಕೆಯಲ್ಲಿ ಫ್ರೆಂಚ್ ಲೇಖಕ ಆಂದ್ರೆ ಬ್ರೆತಾನ್ ಅದಕ್ಕೊಂದು ಗಟ್ಟಿ ಅರ್ಥ ಕೊಟ್ಟರು: ಕನಸು, ಎಚ್ಚರ ಎರಡೂ ಬೆರೆತು ಆಗುವ ಇನ್ನೊಂದು ವಾಸ್ತವ. ಕೂದಲು ಎಣಿಸಬಹುದಾದ ಚಿತ್ರಕ್ಕೆ ‘ತೀರಾ ನೈಜ’ ಅಂದರೆ ಸಾಕು.

ಅತಿವಾಸ್ತವವನ್ನು ಅಬ್ಸರ್ಡ್ ಜೊತೆಗೂ ಬೆರೆಸಬಾರದು, ಅದು ಬೇರೆ. ಅದಕ್ಕೆ ನಮ್ಮ ರಂಗಭೂಮಿಯಲ್ಲಿ ‘ಅಸಂಗತ’ ಎಂಬ ಒಳ್ಳೆಯ ಪದ ಆಗಲೇ ಇದೆ. ಅಲ್ಲಿ ಅರ್ಥಕ್ಕಾಗಿ ಕಾಯುತ್ತಾರೆ, ಅದು ಬರುವುದಿಲ್ಲ. ಅತಿವಾಸ್ತವದಲ್ಲಿ ಯಾರೂ ಕಾಯುವುದೇ ಇಲ್ಲ.

ಎರಡನೆಯ ತಪ್ಪು, ಹುಚ್ಚುಹುಚ್ಚಾಗಿ ಕುಣಿಯುವ ಕಾರ್ಟೂನನ್ನೆಲ್ಲ ಸರ್ರಿಯಲ್ ಎನ್ನುವುದು. ರೋಡ್ ರನ್ನರ್ ಹಕ್ಕಿಯ ಹಿಂದೆ ಓಡುವ ಕಯೋಟಿ (ತೋಳದ ಜಾತಿಯ ಪ್ರಾಣಿ) ಪ್ರಪಾತದ ಆಚೆಗೂ ಗಾಳಿಯಲ್ಲಿ ಓಡುತ್ತದೆ, ಕೆಳಗೆ ನೋಡಿದ ಮೇಲೆ ಬೀಳುತ್ತದೆ. ಇದು ಕನಸಲ್ಲ, ಕಾನೂನು. ಪ್ರತಿಸಲವೂ ಹಾಗೇ ಆಗುತ್ತದೆ ಎಂದು ಗೊತ್ತಿರುವುದಕ್ಕೇ ನಗು ಬರುವುದು. ಅಮೆರಿಕದ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅವರ 1953ರ ‘ಡಕ್ ಅಮಕ್’ ನನಗೆ ಪ್ರಾಣ. ಡ್ಯಾಫಿ ಬಾತುಕೋಳಿಯ ಹಿನ್ನೆಲೆ, ದನಿ, ಮೈ ಎಲ್ಲವನ್ನೂ ಅಳಿಸಿ ಬದಲಿಸುವ ಆ ಕಿರುಚಿತ್ರವನ್ನೂ ನಾನು ಅತಿವಾಸ್ತವ ಎನ್ನಲಾರೆ. ಡ್ಯಾಫಿ ಇಡೀ ಚಿತ್ರದಲ್ಲಿ ಪ್ರತಿಭಟಿಸುತ್ತದೆ. ಕೊನೆಗೆ ಇದೆಲ್ಲ ಯಾರ ಕೈವಾಡ ಎಂಬುದೂ ತಿಳಿಯುತ್ತದೆ. ಕಾರಣ ಸಿಕ್ಕಿತು ಎಂದರೆ ಕನಸು ಮುಗಿಯಿತು.

ಇನ್ನೊಬ್ಬ ಕಾರ್ಟೂನ್ ನಿರ್ದೇಶಕ ಬಾಬ್ ಕ್ಲಾಂಪೆಟ್ ಅವರ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ (1938) ನೋಡಿ. ಡೋಡೋ ಹಕ್ಕಿ ಪೆನ್ಸಿಲ್‌ನಿಂದ ಗಾಳಿಯಲ್ಲಿ ಬಾಗಿಲು ಬರೆಯುತ್ತದೆ. ಅದನ್ನು ತೆರೆದು ಹೋಗುತ್ತದೆ ಅಂದುಕೊಳ್ಳುತ್ತೇವೆ. ಅದು ಬಾಗಿಲಿನ ಕೆಳಗಿನ ಅಂಚನ್ನು ಪರದೆಯಂತೆ ಎತ್ತಿ ನುಸುಳಿಬಿಡುತ್ತದೆ! ಡೋಡೋಗೆ ಅದರಲ್ಲಿ ವಿಶೇಷವೇನೂ ಇಲ್ಲ. ಇದು ಅತಿವಾಸ್ತವ.

ನನ್ನ ಅಳತೆಗೋಲು ಇಷ್ಟೇ: ತೆರೆಯ ಮೇಲಿರುವವರು ಬೆರಗಾಗುತ್ತಿದ್ದಾರಾ? ಹೌದಾದರೆ ಅದು ಫ್ಯಾಂಟಸಿಯೋ ಮಾಯಾಜಾಲವೋ ಇನ್ನೇನೋ. ಕಾರ್ಟೂನ್ ಬಿಟ್ಟು ನಟರಿರುವ ಸಿನಿಮಾಕ್ಕೆ ಬಂದರೆ, ಸ್ಪೇನಿನ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ 1974ರ ‘ದಿ ಫ್ಯಾಂಟಮ್ ಆಫ್ ಲಿಬರ್ಟಿ’ಯಲ್ಲಿ ಅತಿಥಿಗಳು ಮೇಜಿನ ಸುತ್ತ ಕಮೋಡ್‌ಗಳ ಮೇಲೆ ಕೂತು ಹರಟುತ್ತಾರೆ. ಹಸಿವಾದವರು ಮೆಲ್ಲಗೆ ಕೇಳಿಕೊಂಡು, ಪುಟ್ಟ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಒಬ್ಬರೇ ಊಟ ಮಾಡುತ್ತಾರೆ. ಯಾರ ಮುಖದಲ್ಲೂ ನಗು ಇಲ್ಲ, ಸಂಕೋಚ ಇಲ್ಲ. ಅಲ್ಲಿ ವಸ್ತುಗಳೆಲ್ಲ ನಮಗೆ ಗೊತ್ತಿರುವವೇ. ಜಾಗ ಮಾತ್ರ ಅದಲುಬದಲು. ವಿಚಿತ್ರ ಪ್ರಾಣಿ, ಕರಗುವ ಆಕಾಶ ಎಂದೆಲ್ಲ ತುರುಕಿದ ಮಾತ್ರಕ್ಕೆ ಈ ಗುಣ ಬರುವುದಿಲ್ಲ.

ಇನ್ನೂ ಅನುಮಾನ ಇದ್ದರೆ ಜೆಕ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ ಅವರ ‘ಡೈಮೆನ್ಷನ್ಸ್ ಆಫ್ ಡೈಲಾಗ್’ (1982) ಕಿರುಚಿತ್ರದ ಕೊನೆಯ ಭಾಗ ನೋಡಿ. ಮೇಜಿನ ಮೇಲೆ ಎದುರುಬದುರು ಎರಡು ಮಣ್ಣಿನ ತಲೆಗಳು. ಒಂದರ ಬಾಯಿಂದ ಹಲ್ಲುಜ್ಜುವ ಬ್ರಷ್ ಬಂದರೆ ಇನ್ನೊಂದರಿಂದ ಪೇಸ್ಟ್. ಶೂಗೆ ಲೇಸ್, ಬ್ರೆಡ್ಡಿಗೆ ಬೆಣ್ಣೆ, ಪೆನ್ಸಿಲ್‌ಗೆ ಶಾರ್ಪನರ್. ಎಲ್ಲ ಸರಿಯಾಗಿದೆ. ಆಮೇಲೆ ಜೋಡಿಗಳು ತಪ್ಪುತ್ತವೆ. ತಲೆಗಳು ಮಾತ್ರ ಮೊದಲಿನಷ್ಟೇ ಶ್ರದ್ಧೆಯಿಂದ ಕೆಲಸ ಮುಂದುವರಿಸುತ್ತವೆ, ಮೈಯೆಲ್ಲ ಬಿರುಕು ಬಿಟ್ಟು ಏದುಸಿರು ಬಿಡುವವರೆಗೆ.