ರಿಪೇರಿಗೆ ಬಂದವರು ಕಟ್ಟಿದ ಕಂಪನಿ

ವೈದ್ಯಕೀಯ ಉಪಕರಣಗಳ ನವೋದ್ಯಮ ಶುರುಮಾಡುತ್ತೇವೆಂದು ಸಲಹೆ ಕೇಳಲು ಬರುವ ಹುಡುಗ ಹುಡುಗಿಯರಿಗೆ ನಾನು ಹಾಕುವ ಮೊದಲ ಪ್ರಶ್ನೆ: ಆಸ್ಪತ್ರೆಯಲ್ಲಿ ಕೆಟ್ಟು ನಿಂತ ಯಾವ ಯಂತ್ರವನ್ನು ಬಿಚ್ಚಿ ನೋಡಿದ್ದೀರಿ? ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಬಯೋಮೆಡಿಕಲ್ ಎಂಜಿನಿಯರ್ ಆಗಿ ಆಸ್ಪತ್ರೆಯ ಯಂತ್ರಗಳ ನಡುವೆಯೇ ಬದುಕುತ್ತಿರುವ ನನಗೆ ಆಗೆಲ್ಲ ನೆನಪಾಗುವುದು ಮೆಡ್‌ಟ್ರಾನಿಕ್ ಕಂಪನಿ ಕಟ್ಟಿದ ಅರ್ಲ್ ಬಾಕೆನ್.

ಅವರ ಕಥೆ ಹೇಳುವವರೆಲ್ಲ ಗ್ಯಾರೇಜಿನಿಂದ ಶುರುಮಾಡುತ್ತಾರೆ. ಗ್ಯಾರೇಜು ಇದ್ದದ್ದು ನಿಜ. 1924ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಹುಟ್ಟಿದ ಬಾಕೆನ್, ಎರಡನೇ ಮಹಾಯುದ್ಧದಲ್ಲಿ ರೇಡಾರ್ ತರಬೇತುದಾರರಾಗಿದ್ದು, 1948ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಪತ್ನಿ ಕಾನಿ ಮಿನಿಯಾಪೊಲಿಸ್‌ನ ಆಸ್ಪತ್ರೆಯೊಂದರಲ್ಲಿ ಉದ್ಯೋಗಿ. ಅವರನ್ನು ಕರೆತರಲು ಹೋಗಿ ಕಾಯುತ್ತಿದ್ದ ಬಾಕೆನ್ ಅವರ ಕೈಗೆ ಅಲ್ಲಿನ ಸಿಬ್ಬಂದಿ ಕೆಟ್ಟ ಉಪಕರಣಗಳನ್ನು ಕೊಡತೊಡಗಿದರು. ಇದೇ ಕಸುಬಾಗಬಹುದು ಎನ್ನಿಸಿ, 1949ರ ಏಪ್ರಿಲ್‌ನಲ್ಲಿ ನೆಂಟರಾದ ಪಾಮರ್ ಹರ್ಮಂಡ್ಸ್ಲಿ ಜೊತೆ ಸೇರಿ ಗ್ಯಾರೇಜಿನಲ್ಲಿ ರಿಪೇರಿ ಅಂಗಡಿ ತೆರೆದರು. ಅದೇ ಮೆಡ್‌ಟ್ರಾನಿಕ್. ಮೊದಲ ತಿಂಗಳ ಗಳಿಕೆ 8 ಡಾಲರ್, ಒಂದು ಸೆಂಟ್ರಿಫ್ಯೂಜ್ ಸರಿಮಾಡಿಕೊಟ್ಟದ್ದಕ್ಕೆ.

ಆದರೆ ಗ್ಯಾರೇಜಿಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಪರೇಷನ್ ಥಿಯೇಟರಿಗೆ ಸಲ್ಲಬೇಕು. ಮಿನೆಸೊಟಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಲ್ಟನ್ ಲಿಲೆಹೈ ಮಕ್ಕಳ ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹೊಸ ದಾರಿ ತುಳಿಯುತ್ತಿದ್ದ ಕಾಲವದು. ಯಂತ್ರಗಳು ಕೈಕೊಟ್ಟರೆ ಬರುತ್ತಿದ್ದವರು ಬಾಕೆನ್. ಶಸ್ತ್ರಚಿಕಿತ್ಸಕರ ಗೊಣಗಾಟ, ದಾದಿಯರ ಪರದಾಟ, ಕಾಲಿಗೆ ತೊಡರುವ ವೈರುಗಳು, ಎಲ್ಲವೂ ಅವರ ಕಣ್ಣೆದುರೇ ಇದ್ದವು. ಬೆಲೆಕಟ್ಟಲಾಗದ ಮಾರುಕಟ್ಟೆ ಸಮೀಕ್ಷೆ ಅದು. ಅದಕ್ಕಾಗಿ ಅವರಿಗೆ ಸಂಬಳ ಬೇರೆ ಸಿಗುತ್ತಿತ್ತು!

ಲಿಲೆಹೈ ಅವರ ತಲೆನೋವು ಏನೆಂದು ತುಸು ಬಿಡಿಸಿ ಹೇಳಬೇಕು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ರಂಧ್ರವಿರುವ ಮಕ್ಕಳಿರುತ್ತಾರೆ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಒಯ್ಯುವ ನಾರಿನ ಕಟ್ಟು ಬಹಳ ಸಲ ಆ ರಂಧ್ರದ ಅಂಚಿಗೆ ಅಂಟಿಕೊಂಡಂತೆಯೇ ಹಾದುಹೋಗುತ್ತದೆ. ಹೊಲಿಗೆ ಅದಕ್ಕೆ ತಾಗಿದರೆ ಸಂಕೇತ ಕಡಿದುಹೋಗಿ ಬಡಿತ ಅಪಾಯಕಾರಿಯಾಗಿ ನಿಧಾನವಾಗುತ್ತದೆ. ಇದೇ ಹಾರ್ಟ್ ಬ್ಲಾಕ್. ಬಾವು ಇಳಿದರೆ ಎಷ್ಟೋ ಮಕ್ಕಳಲ್ಲಿ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಕೆಲವು ದಿನ ಹೃದಯವನ್ನು ಹೊರಗಿನಿಂದ ಬಡಿಸುತ್ತಿದ್ದರೆ ಸಾಕು. ಆ ಕೆಲಸ ಮಾಡುವ ಯಂತ್ರವೇ ಪೇಸ್‌ಮೇಕರ್. ಆಗ ಚಾಲ್ತಿಯಲ್ಲಿದ್ದ ಯಂತ್ರ ಎದೆಯ ಚರ್ಮದ ಮೂಲಕ ಜೋರಾದ ವಿದ್ಯುತ್ ಹರಿಸುತ್ತಿತ್ತು. ಎಳೆಯ ಮಕ್ಕಳಿಗೆ ಅದು ಶಿಕ್ಷೆಯೇ ಸರಿ. 1957ರ ಆರಂಭದಲ್ಲಿ ಲಿಲೆಹೈ ತಂಡ ಹೃದಯದ ಸ್ನಾಯುವಿಗೇ ಸಣ್ಣ ತಂತಿ ಹೊಲಿದು, ಕೆಲವೇ ವೋಲ್ಟುಗಳಲ್ಲಿ ಕೆಲಸ ಮುಗಿಸಿತು. ಯಂತ್ರ ಮಾತ್ರ ಇನ್ನೂ ಗಾಲಿ ಮೇಜಿನ ಮೇಲಿತ್ತು, ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದಿತ್ತು.

ಅದೇ ವರ್ಷದ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಕೈಕೊಟ್ಟಿತು. ಲೋಡ್ ಶೆಡ್ಡಿಂಗ್ ಕಂಡ ನಮಗೆ ಆ ಗಳಿಗೆಯ ಗಾಬರಿಯನ್ನು ವಿವರಿಸಬೇಕಾಗಿಲ್ಲ. ಲಿಲೆಹೈ ಬಾಕೆನ್ ಅವರನ್ನು ಕರೆದು, ಗೋಡೆಯ ಹಂಗಿಲ್ಲದ ಯಂತ್ರ ಬೇಕೆಂದರು.

ಬಾಕೆನ್ ಮೊದಲು ಯೋಚಿಸಿದ್ದು ಕಾರಿನ ಬ್ಯಾಟರಿಯ ಬಗ್ಗೆ. ಆಮೇಲೆ ಅಷ್ಟು ಶಕ್ತಿಯೇ ಬೇಡವಲ್ಲ ಎಂದು ಹೊಳೆಯಿತು. ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಎರಡು ಟ್ರಾನ್ಸಿಸ್ಟರುಗಳ ಮೆಟ್ರೊನೋಮ್ ಸರ್ಕ್ಯೂಟ್ ಬಂದದ್ದು ನೆನಪಾಯಿತು. ಸಂಗೀತ ಕಲಿಯುವವರಿಗೆ ತಾಳ ಹಿಡಿದುಕೊಡುವ ಯಂತ್ರವದು. ಅದರ ಟಕ್ ಟಕ್ ವೇಗವೂ ಹೃದಯ ಬಡಿತದ ವೇಗವೂ ಹೆಚ್ಚುಕಡಿಮೆ ಒಂದೇ. ಸ್ಪೀಕರ್ ತೆಗೆದು, ಅದರ ಜಾಗದಲ್ಲಿ ಹೃದಯಕ್ಕೆ ಹೋಗುವ ತಂತಿ ಜೋಡಿಸಿದರೆ ಆಯಿತು. ನಾಲ್ಕು ವಾರಗಳಲ್ಲಿ ಅಂಗೈಯಗಲದ ಪೆಟ್ಟಿಗೆ ಸಿದ್ಧವಾಯಿತು. ನಾಯಿಯ ಮೇಲೆ ಪರೀಕ್ಷಿಸಲೆಂದು ಕೊಟ್ಟು ಹೋದ ಬಾಕೆನ್, ಮರುದಿನ ಬಂದು ನೋಡಿದರೆ ಪೆಟ್ಟಿಗೆ ಒಂದು ಮಗುವಿಗೆ ಜೋಡಣೆಯಾಗಿತ್ತು! ಕೈಗೆ ಸಿಕ್ಕ ಒಳ್ಳೆಯ ಯಂತ್ರವನ್ನು ಬಿಟ್ಟು ಮಗುವಿನ ಜೀವದ ಜೊತೆ ಆಟವಾಡಲಾರೆ ಎಂಬುದು ಲಿಲೆಹೈ ವಾದ.

ಈ ಪ್ರಸಂಗಕ್ಕೆ ಚಪ್ಪಾಳೆ ತಟ್ಟುವವರ ಜೊತೆ ನನ್ನ ಕೈ ಏಳುವುದಿಲ್ಲ. ಆ ಮಗುವಿನ ಪಾಲಿಗೆ ಅದು ಸರಿಯಿದ್ದಿರಬಹುದು, ಪದ್ಧತಿಯಾಗಿ ಅಲ್ಲ. ಅಮೆರಿಕದಲ್ಲಿ 1976ರಲ್ಲಿ ಉಪಕರಣಗಳ ಕಾನೂನು ಬಿಗಿಯಾದದ್ದು, ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಬಂದದ್ದು ಸುಮ್ಮನೆ ಅಲ್ಲ.

ನನಗೆ ಬಾಕೆನ್ ಇಷ್ಟವಾಗುವುದು ಆ ಪೆಟ್ಟಿಗೆಯ ಮುಂದಿನ ರೂಪಗಳಲ್ಲಿ. ಮಕ್ಕಳು ತಿರುವಿಬಿಡದಂತೆ ಗುಂಡಿಗಳು ಒಳಕ್ಕೆ ಸರಿದವು. ಪ್ರತಿ ಮಿಡಿತಕ್ಕೂ ಮಿನುಗುವ ಕೆಂಪು ದೀಪ ಬಂತು, ದೂರದಿಂದಲೇ ನೋಡಿ ವೈದ್ಯರು ನಿರಾಳರಾಗಲಿ ಎಂದು. ಪಟ್ಟಿ ಕಟ್ಟಲು ಕಿವಿಗಳು ಬಂದವು. ಇಂದು ಐಸಿಯುವಿನಲ್ಲಿ ಮಂಚದ ಕಂಬಿಗೆ ನೇತುಹಾಕುವ ತಾತ್ಕಾಲಿಕ ಪೇಸ್‌ಮೇಕರ್‌ನಲ್ಲೂ ಮಿನುಗುವ ದೀಪ ಇದೆ, ಗುಂಡಿಗಳಿಗೆ ಮುಚ್ಚಳವೋ ಬೀಗವೋ ಇದೆ. ಇಂಥವು ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ.

ವ್ಯಾಪಾರದ ಕಡೆ ಬಾಕೆನ್ ಅಷ್ಟೇನೂ ಜಾಣರಾಗಿರಲಿಲ್ಲ. ವೈದ್ಯರು ಏನು ಕೇಳಿದರೂ ಮಾಡಿಕೊಡುವ ಚಾಳಿ. 1960ರಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಮತ್ತು ವಿಲಿಯಂ ಚಾರ್ಡ್ಯಾಕ್ ರೂಪಿಸಿದ, ದೇಹದೊಳಗೆ ಕೂರಿಸುವ ಪೇಸ್‌ಮೇಕರ್‌ನ ತಯಾರಿಕೆಯ ಹಕ್ಕು ಪಡೆದರೂ, ಕೆಲವೇ ವರ್ಷಗಳಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಆ ದಿನಗಳಲ್ಲಿ ಅವರು ರೂಪಿಸಿದ ಧ್ಯೇಯವಾಕ್ಯದಲ್ಲಿ ಎಲ್ಲರೂ ಉದ್ಧರಿಸುವುದು ನೋವು ತಗ್ಗಿಸುವ, ಆರೋಗ್ಯ ಮರಳಿಸುವ, ಆಯುಸ್ಸು ಹೆಚ್ಚಿಸುವ ಭಾಗವನ್ನು. ಕಂಪನಿಯನ್ನು ಉಳಿಸಿದ್ದು ಅದರ ಇನ್ನೊಂದು ಅಂಶ ಎಂದು ನನ್ನ ಅಂದಾಜು: ತಮ್ಮಿಂದ ವಿಶಿಷ್ಟ ಕೊಡುಗೆ ಸಾಧ್ಯವಿಲ್ಲದ ಕ್ಷೇತ್ರಕ್ಕೆ ಕೈಹಾಕಬಾರದು.

1989ರಲ್ಲಿ ನಿವೃತ್ತರಾಗಿ ಹವಾಯಿಗೆ ಹೋದ ಬಾಕೆನ್ ಅಲ್ಲಿಯೂ ಸುಮ್ಮನಿರದೆ ಒಂದು ಸಮುದಾಯ ಆಸ್ಪತ್ರೆ ಕಟ್ಟಲು ನೆರವಾದರು. ಕೊನೆಗಾಲದಲ್ಲಿ ಅವರ ಎದೆಯಲ್ಲೂ ಪೇಸ್‌ಮೇಕರ್ ಇತ್ತು. 2018ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಆಸ್ಪತ್ರೆಗಳಲ್ಲಿ ಯಂತ್ರ ಕೆಟ್ಟರೆ ವಾರ್ಷಿಕ ನಿರ್ವಹಣಾ ಒಪ್ಪಂದದ ಕಡತ ತೆಗೆದು ಕಂಪನಿಗೆ ಫೋನ್ ಮಾಡುತ್ತಾರೆ. ಬಂದ ಎಂಜಿನಿಯರ್ ಬೋರ್ಡ್ ಬದಲಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅದು ಏಕೆ ಕೆಟ್ಟಿತು, ಆಗ ರೋಗಿಗೆ ಏನಾಯಿತು, ಸಿಸ್ಟರ್ ಹೇಗೆ ನಿಭಾಯಿಸಿದರು ಎಂದು ಅವನಿಗೆ ಯಾರೂ ಹೇಳುವುದಿಲ್ಲ. ವೈದ್ಯರು ತಮ್ಮ ಪ್ರಕರಣಗಳನ್ನು ಚರ್ಚಿಸುವ ಸಭೆಗೆ ತಿಂಗಳಿಗೊಮ್ಮೆಯಾದರೂ ಅವನನ್ನೂ ಕರೆಯಬಹುದಲ್ಲ! ನವೋದ್ಯಮದ ಹುಡುಗರು ಬೇಕಾದರೆ ಹಿಂದಿನ ಸಾಲಿನಲ್ಲಿ ಕೂರಲಿ.