ನೆಲಕ್ಕೆ ಕತ್ತಲು, ಮೇಲೆ ಇನ್ನೂ ಬಿಸಿಲು

ಆಕಾಶದಲ್ಲಿ ವಿಚಿತ್ರವಾದದ್ದೇನೋ ಕಂಡಿತೆಂದು ಯಾರಾದರೂ ಹೇಳಿದಾಗ ಕೇಳುವವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಅದು ಎಷ್ಟು ದೊಡ್ಡದಿತ್ತು, ಯಾವ ಬಣ್ಣದ್ದಿತ್ತು ಎಂಬುದು. ಹವ್ಯಾಸಿ ವೀಕ್ಷಕನಿಗೆ ಇವೆರಡೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಗಾತ್ರ ಮತ್ತು ಬಣ್ಣಗಳ ವಿಷಯದಲ್ಲಿ ಕತ್ತಲಲ್ಲಿ ಕಣ್ಣು ಬಹಳ ಸುಲಭವಾಗಿ ಮೋಸಹೋಗುತ್ತದೆ. ಎಷ್ಟು ಗಂಟೆಗೆ ಕಂಡಿತು ಎಂಬ ಪ್ರಶ್ನೆಯಿಂದಲೇ ಅರ್ಧ ಉತ್ತರ ದೊರೆಯುತ್ತದೆ. ಚಿತ್ರದುರ್ಗದ ಸುತ್ತ ನನ್ನ ಕಿವಿಗೆ ಬಿದ್ದ ಇಂಥ ಸುದ್ದಿಗಳಲ್ಲಿ ಹೆಚ್ಚಿನವು ಸೂರ್ಯ ಮುಳುಗಿದ ಮೇಲಿನ ಅಥವಾ ಹುಟ್ಟುವ ಮುಂಚಿನ ಒಂದೂವರೆ ಗಂಟೆಗೆ ಸೇರಿದವು. ಅದಕ್ಕೆ ಕಾರಣವಿದೆ.

ಸೂರ್ಯ ಮುಳುಗುವುದು ನಮ್ಮ ಪಾಲಿಗೆ ಮಾತ್ರ. ನಾವು ನಿಂತ ನೆಲ ಭೂಮಿಯ ನೆರಳಿಗೆ ಸರಿದ ಹೊತ್ತಿನಲ್ಲೂ ಮೇಲಿನ ಗಾಳಿಯಲ್ಲಿ ಬಿಸಿಲು ಇದ್ದೇ ಇರುತ್ತದೆ, ಮತ್ತು ಎತ್ತರ ಹೆಚ್ಚಿದಷ್ಟೂ ಆ ಬಿಸಿಲು ಹೆಚ್ಚು ಹೊತ್ತು ಉಳಿಯುತ್ತದೆ. ಈ ನೆರಳನ್ನು ಬರಿಗಣ್ಣಿನಿಂದಲೇ ನೋಡಬಹುದು. ಮೋಡವಿಲ್ಲದ ಸಂಜೆ ಊರ ಹೊರಗಿನ ಯಾವುದಾದರೂ ಬೋಳು ಗುಡ್ಡ ಹತ್ತಿ, ಎಲ್ಲರೂ ನೋಡುವ ಪಶ್ಚಿಮಕ್ಕೆ ಬೆನ್ನು ಹಾಕಿ, ಚಳ್ಳಕೆರೆ ಕಡೆಯ ಬಯಲಿನತ್ತ ತಿರುಗಿದರೆ, ದಿಗಂತಕ್ಕೆ ಅಂಟಿಕೊಂಡಂತೆ ನೀಲಿ ಬೆರೆತ ಬೂದು ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದರ ಮೇಲಂಚಿಗೆ ಮಾಸಲು ಗುಲಾಬಿ ಬಣ್ಣವಿರುತ್ತದೆ. ಆ ಬೂದು ಪಟ್ಟಿಯೇ ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ನೋಡುತ್ತಿದ್ದಂತೆಯೇ ಅದು ಮೇಲೇರಿ, ಗುಲಾಬಿ ಬಣ್ಣವನ್ನು ನುಂಗಿ, ಕೊನೆಗೆ ಇರುಳಿನಲ್ಲಿ ಕರಗಿಹೋಗುತ್ತದೆ.

ಇದರ ಲೆಕ್ಕ ಕಷ್ಟದ್ದಲ್ಲ. ನೆತ್ತಿಯ ಮೇಲೆ 11 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ, ಸೂರ್ಯ ನಮ್ಮ ದಿಗಂತದಿಂದ 3 ಡಿಗ್ರಿಗೂ ತುಸು ಹೆಚ್ಚು ಕೆಳಗಿಳಿಯುವವರೆಗೆ ಬಿಸಿಲು ಸಿಗುತ್ತದೆ. ನಮ್ಮ ಅಕ್ಷಾಂಶದಲ್ಲಿ, ಅಂದರೆ 14 ಡಿಗ್ರಿ ಉತ್ತರದಲ್ಲಿ, ಸೂರ್ಯ ಗಂಟೆಗೆ ಹತ್ತಿರಹತ್ತಿರ 15 ಡಿಗ್ರಿಯಂತೆ ಇಳಿಯುವುದರಿಂದ ಅದು ಸುಮಾರು ಕಾಲು ಗಂಟೆಯ ಮಾತು. ಆ ಕಾಲು ಗಂಟೆಯಲ್ಲಿ ವಿಮಾನದ ಹಿಂದೆ ಮೂಡುವ ಹಿಮಕಣಗಳ ಗೆರೆಯ ಮೇಲೆ ಕೆಂಪು ಬಿಸಿಲು ಬಿದ್ದರೆ, ಉರಿಯುತ್ತ ಕೆಳಗಿಳಿಯುವ ಬೆಂಕಿಯಂತೆಯೇ ತೋರುತ್ತದೆ. 2022ರ ಡಿಸೆಂಬರ್ 15ರ ಸಂಜೆ ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಅಗ್ನಿ-5 ಕ್ಷಿಪಣಿಯನ್ನು ಹಾರಿಸಿದಾಗ ಪಶ್ಚಿಮ ಬಂಗಾಳದ ಜನ ಬೆರಗಾಗಿ ಕಂಡ ಬೆಳಕಿನ ಹಿಂದೆಯೂ ಇದೇ ಕಾರಣವಿತ್ತು: ಕ್ಷಿಪಣಿ ಬಿಟ್ಟ ಹೊಗೆ ಬಿಸಿಲಿನಲ್ಲಿತ್ತು, ನೋಡುವವರು ಮಬ್ಬುಗತ್ತಲಲ್ಲಿದ್ದರು.

ಉಪಗ್ರಹಗಳ ಅವಧಿ ಇನ್ನೂ ದೀರ್ಘ. ಇಂಟರ್ನೆಟ್ ಸೇವೆಗಾಗಿ ಹಾರಿಸಿದ, 550 ಕಿಲೋಮೀಟರ್ ಎತ್ತರದಲ್ಲಿರುವ ಸ್ಟಾರ್‌ಲಿಂಕ್ ಉಪಗ್ರಹ ನೆತ್ತಿಯ ಮೇಲಿದ್ದರೆ, ಸೂರ್ಯ 23 ಡಿಗ್ರಿ ಕೆಳಗಿಳಿಯುವವರೆಗೂ ಅದು ಬೆಳಗುತ್ತದೆ. ನಮ್ಮಲ್ಲಿ ಅದಕ್ಕೆ ಒಂದೂವರೆ ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. 2019ರ ಮೇ ತಿಂಗಳಲ್ಲಿ ಮೊದಲ ಸಲ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದಾಗಿನಿಂದ ಜನರನ್ನು ಗಾಬರಿಗೊಳಿಸುತ್ತಿರುವ ‘ದೀಪಗಳ ರೈಲು’ ಇವುಗಳದ್ದೇ. ಹಾರಿಸಿದ ಮೊದಲ ಕೆಲವು ದಿನ ಅವು ಕೆಳಗಿನ ಕಕ್ಷೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ; ಎತ್ತರಕ್ಕೆ ಏರಿದಂತೆ ಚದುರಿಹೋಗುತ್ತವೆ. ಈ ಸಾಲನ್ನು ನೋಡುವ ಅವಕಾಶ ದೊರೆತರೆ ಅದರ ಮುಂದಿನ ತುದಿಯನ್ನೇ ಗಮನಿಸುವುದು ಒಳ್ಳೆಯದು. ಪೂರ್ವದ ಕಡೆಗೆ ಸಾಗುತ್ತಿರುವ ಮೊದಲ ಚುಕ್ಕಿ, ದಿಗಂತ ಇನ್ನೂ ದೂರವಿರುವಾಗಲೇ, ಕೆಲವೇ ಸೆಕೆಂಡುಗಳಲ್ಲಿ ಮಂಕಾಗಿ ಅಳಿಸಿಹೋಗುತ್ತದೆ. ಎರಡನೆಯದು ಅಲ್ಲಿಗೇ ಬಂದು ಮಂಕಾಗುತ್ತದೆ, ಮೂರನೆಯದೂ ಅಷ್ಟೇ. ಆಕಾಶದಲ್ಲೊಂದು ತೂತು ಇದ್ದು ಎಲ್ಲವೂ ಅದರೊಳಗೆ ಹೋಗುತ್ತಿವೆ ಎಂದು ನೋಡಿದವರು ಹೇಳಿದರೆ ಅವರನ್ನು ಗೇಲಿ ಮಾಡಬೇಕಿಲ್ಲ. ಅವರು ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದಾರೆ. ಆ ತೂತು ಭೂಮಿಯ ನೆರಳಿನ ಅಂಚು. ಬೆಳಗಿನ ಜಾವ ಇದು ತಿರುವುಮುರುವಾಗಿ, ಪಶ್ಚಿಮದ ಆಕಾಶದ ನಡುವೆ ಎಲ್ಲಿಂದಲೋ ಚುಕ್ಕಿಗಳು ಹುಟ್ಟಿಕೊಳ್ಳುತ್ತವೆ.

ಲಂಡನ್ನಿನಲ್ಲಿ ಜೂನ್ ತಿಂಗಳ ನಡುರಾತ್ರಿಯಲ್ಲೂ ಸೂರ್ಯ 17 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುವುದಿಲ್ಲವಾದ್ದರಿಂದ ಅಲ್ಲಿನವರಿಗೆ ಇಂಥ ಉಪಗ್ರಹಗಳು ಇಡೀ ರಾತ್ರಿ ಕಾಟ ಕೊಡುತ್ತವೆ. ದುರ್ಗದ ಆಕಾಶ ಈ ಮಟ್ಟಿಗೆ ಅದೃಷ್ಟವಂತ.

ಹಗಲಿನ ವಿಷಯಕ್ಕೆ ಬಂದರೆ ಈ ಜಿಲ್ಲೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯವನ್ನೇ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟದ್ದು ಅಲ್ಲಿಯೇ. ಅದು ತಾನಾಗಿ ತೇಲಿ ಬಂದು ರನ್‌ವೇ ಮೇಲೆ ಇಳಿಯಿತು.

ರಾತ್ರಿ ಒಂಬತ್ತು, ಹತ್ತು ಗಂಟೆಯ ಸುದ್ದಿಯಾದರೆ ಬಿಸಿಲಿನ ವಿವರಣೆ ಸಾಕಾಗದು. ಚಳಿಗಾಲದಲ್ಲಿ ಜೋಗಿಮಟ್ಟಿ ಗುಡ್ಡಸಾಲಿನ ಮೇಲೆ, ದಕ್ಷಿಣಕ್ಕೆ, ಕೆಂಪು ಹಸಿರು ಬೆಳಕನ್ನು ಸರದಿಯಂತೆ ಚಿಮ್ಮಿಸುವ ಪ್ರಖರ ಚುಕ್ಕಿಯೊಂದು ಕಂಡರೆ ಅದು ಡ್ರೋನ್ ಅಲ್ಲ, ಅಗಸ್ತ್ಯ ನಕ್ಷತ್ರ. ನಮ್ಮ ಊರಿನಿಂದ ಅದು ಅತಿ ಎತ್ತರಕ್ಕೆ ಬಂದಾಗಲೂ 23 ಡಿಗ್ರಿ ದಾಟುವುದಿಲ್ಲ; ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದುಕೊಂಡರೆ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ. ಅಷ್ಟು ಕೆಳಗಿನ ಬೆಳಕು ದಪ್ಪನೆಯ, ಅಲುಗಾಡುವ ಗಾಳಿಯ ಪದರವನ್ನು ಹಾದು ಬರಬೇಕಾಗಿರುವುದರಿಂದ ಅದರ ಬಣ್ಣಗಳು ಬೇರೆಬೇರೆಯಾಗಿ ಮಿನುಗುತ್ತವೆ. ಅದೇ ಗುಡ್ಡಗಳ ಗಾಳಿಯಂತ್ರಗಳ ಮೇಲಿನ ಕೆಂಪು ದೀಪಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಕತ್ತಲಲ್ಲಿ ಒಂಟಿ ಬೆಳಕನ್ನು ನೆಟ್ಟನೋಟದಿಂದ ನೋಡುತ್ತಿದ್ದರೆ, ಅದು ಕದಲದಿದ್ದರೂ ಕದಲಿದಂತೆ ಮನಸ್ಸಿಗೆ ತೋರುವುದೂ ಉಂಟು. ಅದನ್ನು ಮರದ ಕೊಂಬೆಗೋ ಮನೆಯ ಮೂಲೆಗೋ ಹೊಂದಿಸಿಕೊಂಡು ನೋಡಿದರೆ ಸತ್ಯ ತಿಳಿಯುತ್ತದೆ. ಮೊಬೈಲಿನಲ್ಲಿ ಹಿಗ್ಗಿಸಿ ತೆಗೆದ ವಿಡಿಯೊಗಳನ್ನಂತೂ ನಾನು ಸಾಕ್ಷಿಯಾಗಿ ಒಪ್ಪುವುದಿಲ್ಲ. ಫೋಕಸ್ ತಪ್ಪಿದರೆ ಬೆಳ್ಳಿಚುಕ್ಕಿಯೂ ಹಾರುವ ತಟ್ಟೆಯೇ.

ಸ್ವಂತ ಬೆಳಕಿನಿಂದ ಉರಿದು ಓಡುವ ವಸ್ತುಗಳ ವಿಷಯದಲ್ಲಿ ಗಂಟೆಗಿಂತ ಸೆಕೆಂಡುಗಳ ಎಣಿಕೆ ಮುಖ್ಯ. ಉಲ್ಕೆಗಳು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ನುಗ್ಗುವುದರಿಂದ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ, ದೊಡ್ಡವಾದರೆ ಇನ್ನು ಕೆಲವು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಕಕ್ಷೆಯಿಂದ ಬೀಳುವ ರಾಕೆಟ್ ಚೂರುಗಳ ವೇಗ ಸೆಕೆಂಡಿಗೆ 8 ಕಿಲೋಮೀಟರಿನಷ್ಟು ಮಾತ್ರ. ಅವು ವಾತಾವರಣವನ್ನು ಓರೆಯಾಗಿ ಸವರಿಕೊಂಡು ಬರುವುದರಿಂದ ಒಂದು ನಿಮಿಷದವರೆಗೂ ಕಾಣುತ್ತವೆ, ನೋಡುತ್ತಿರುವಾಗಲೇ ಹಲವು ತುಂಡುಗಳಾಗಿ ಒಂದೇ ದಿಕ್ಕಿಗೆ ಜೊತೆಯಾಗಿ ಸಾಗುತ್ತವೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಗುಜರಾತ್ ಮತ್ತು ಮಧ್ಯಪ್ರದೇಶಗಳಲ್ಲಿ ಕಂಡ ಬೆಂಕಿಯ ಮೆರವಣಿಗೆಯನ್ನು ಹಲವರು ಉಲ್ಕಾಪಾತವೆಂದೇ ತಿಳಿದಿದ್ದರು. ಅದರ ನಿಧಾನಗತಿಯೇ ಬೇರೆ ಕಥೆ ಹೇಳುತ್ತಿತ್ತು. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಹಾರಿಸಿದ್ದ ಚೀನಾದ ಚಾಂಗ್ ಝೆಂಗ್-3ಬಿ ರಾಕೆಟಿನ ಹಂತವೊಂದು ಆ ಹೊತ್ತಿಗೆ ವಾತಾವರಣಕ್ಕೆ ಮರಳಬೇಕಿತ್ತೆಂಬುದನ್ನು ಅಮೆರಿಕದ ಖಗೋಳವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ಗುರುತಿಸಿದರು. ಅದೇ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೊಡ್ಡದೊಂದು ಲೋಹದ ಬಳೆ ಬಿದ್ದಿತ್ತು.