ಬಲಕ್ಕೆ ವಾಲಿದ ಅಂಬಾಸಿಡರ್

ನಮ್ಮ ಹಳೆಯ ಅಂಬಾಸಿಡರ್ ಬಲಕ್ಕೆ ವಾಲಿರುವುದನ್ನು ಮೊದಲು ಗಮನಿಸಿದವನು ಹಾಲು ಹಾಕುವ ಹುಡುಗ. ಕಲಬುರಗಿಯ ಮೆಕ್ಯಾನಿಕ್ ಒಬ್ಬರು ಬಂದು ಬಲ ಮುಂಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತು ನೋಡಿ, "ಸರ್, ಇಲ್ಲಿ ಟಾರ್ಷನ್ ಬಾರ್ ಕುಳಿತಿದೆ" ಎಂದರು. ಟಾರ್ಷನ್ ಬಾರ್ ಎಂದರೆ ಮುಂಚಕ್ರಕ್ಕೆ ಸ್ಪ್ರಿಂಗಾಗಿ ಕೆಲಸ ಮಾಡುವ ಉಕ್ಕಿನ ಸರಳು; ಹಿಂಚಕ್ರಗಳಿಗೆ ಆ ಕೆಲಸ ಮಾಡುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು.

ಆ ‘ಕುಳಿತಿದೆ’ ಎಂಬ ಮಾತು ನನಗೆ ಇಷ್ಟವಾಯಿತು. ಹಳೆಯ ಸ್ಪ್ರಿಂಗು ಮೆತ್ತಗಾಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗೇನೂ ಆಗುವುದಿಲ್ಲ. ಉಕ್ಕಿನ ಬಿಗುವು ವಯಸ್ಸಿನಿಂದ ಕರಗುವಂಥದ್ದಲ್ಲ. ಭಾರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಬಾಗುವ ಗುಣ ಹಾಗೆಯೇ ಉಳಿಯುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಬರೆದಿಟ್ಟ ನಿಯಮ ಅದು. ಬದಲಾಗುವುದು ಸ್ಪ್ರಿಂಗಿನ ಆಕಾರ. ವರ್ಷಗಟ್ಟಲೆ ಹೊರೆ ಹೊತ್ತ ಕಮಾನು ಹೊರೆ ಇಳಿಸಿದ ಮೇಲೂ ಮೊದಲಿನಷ್ಟು ಮೇಲೇಳುವುದಿಲ್ಲ. ತುಕ್ಕಿನ ಕಥೆ ಮಾತ್ರ ಬೇರೆ. ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ: 25 ಮಿಲಿಮೀಟರ್ ಸರಳು ಸವೆದು 24 ಆದರೆ ಬಿಗುವು ಸುಮಾರು ಶೇ. 15ರಷ್ಟು ಇಳಿಯುತ್ತದೆ.

ಸರಳು ಬಿಚ್ಚಿಸುವ ಮುನ್ನ ಅಳೆಯೋಣ ಎಂದುಕೊಂಡೆ. ಅಂಗಳದಲ್ಲಿ ಶಹಾಬಾದ್ ಫರಸಿ ಹಾಸಿದೆ. ಆದರೆ ಫರಸಿಯ ಕೆಳಗಿರುವುದು ಎರೆ ಮಣ್ಣು; ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ನೆಲದ ಮೇಲೆ ಮಟ್ಟ ನಿಲ್ಲುವುದುಂಟೆ? ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ಹಿಡಿದು ನೋಡಿದರೆ ಒಂದು ಮೂಲೆ 12 ಮಿಲಿಮೀಟರ್ ತಗ್ಗಿತ್ತು. ಕಾರಿನ ಮೇಲೆ ಹೊರಿಸುತ್ತಿದ್ದ ಅಪರಾಧದಲ್ಲಿ ಅಂಗಳಕ್ಕೂ ಪಾಲಿತ್ತು. ತಗ್ಗಿದ ಚಕ್ರದ ಕೆಳಗೆ ಹಲಗೆಯ ಚೂರಿಟ್ಟು, ಕಾರನ್ನು ಹಿಂದೆ ಮುಂದೆ ಉರುಳಿಸಿ, ನಾಲ್ಕೂ ಮೂಲೆ ಅದುಮಿ ಬಿಟ್ಟೆ. ಪಟ್ಟಿಗಳ ನಡುವಿನ ತಿಕ್ಕಾಟ, ರಬ್ಬರ್ ಬುಷ್‌ಗಳ ತಿರುಚು ಇವೆಲ್ಲ ಸಡಿಲಗೊಳ್ಳದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಟೇಪನ್ನು ನೆಲದಿಂದ ಹಿಡಿಯದೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಹಿಡಿದೆ. ಹಾಗೆ ಮಾಡಿದರೆ ಟೈರಿನ ಗಾಳಿಯ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಇದು ಸಣ್ಣ ಸಂಗತಿಯಲ್ಲ: ನೆರಳಿನ ಟೈರಿಗಿಂತ ಬಿಸಿಲಿನ ಟೈರು 20 ಡಿಗ್ರಿ ಹೆಚ್ಚು ಕಾದರೆ 30 ಪಿಎಸ್‌ಐ ಗಾಳಿ 33ಕ್ಕೆ ಏರುತ್ತದೆ.

ಬಲಭಾಗ ಮುಂದೆ 22 ಮಿಲಿಮೀಟರ್ ತಗ್ಗು, ಹಿಂದೆ 21. ಹಾಗಾದರೆ ಎರಡು ಸ್ಪ್ರಿಂಗುಗಳೂ ಕುಳಿತಿವೆಯೇ? ಈ ಅಳತೆಯಿಂದ ಅದು ತಿಳಿಯುವುದೇ ಇಲ್ಲ. ಕಾರಿನ ಒಡಲು ಒಂದೇ ಗಟ್ಟಿ ಪೆಟ್ಟಿಗೆ. ಹಿಂದಿನ ಒಂದು ಮೂಲೆ ಇಳಿದರೂ ಇಡೀ ಪೆಟ್ಟಿಗೆ ವಾಲಿ, ಮುಂದಿನ ಮೂಲೆಯನ್ನೂ ಜೊತೆಗೆ ಇಳಿಸುತ್ತದೆ. ಬಿಡಿಸುವ ಉಪಾಯ ಮೂರು ಕಾಲಿನ ಸ್ಟೂಲಿನಲ್ಲಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಅಡ್ಡಪಟ್ಟಿಯ ಸರಿಯಾಗಿ ನಡುವೆ ಜಾಕ್ ಇಟ್ಟು, ಮುಂಚಕ್ರಗಳು ನೆಲ ಬಿಡುವಷ್ಟು ಎತ್ತಬೇಕು. ಈಗ ವಾಲು ಹಿಂದಿನ ಎರಡು ಸ್ಪ್ರಿಂಗುಗಳ ಕೈಯಲ್ಲಿ ಮಾತ್ರ ಇರುತ್ತದೆ. ದೋಷ ಮುಂದಿನದಾದರೆ ಕಾರು ನೆಟ್ಟಗಾಗಬೇಕು.

ನಮ್ಮದು ಇನ್ನಷ್ಟು ವಾಲಿತು. ಹಿಂದಿನ ವ್ಯತ್ಯಾಸ 21ರಿಂದ 35ಕ್ಕೆ ಏರಿತು. ಮೆಕ್ಯಾನಿಕ್ ದೂರಿದ್ದ ಟಾರ್ಷನ್ ಬಾರ್ ಅದುವರೆಗೂ ತನ್ನ ಎಡದ ಜೋಡಿಯ ಜೊತೆ ಸೇರಿ ಕಾರನ್ನು ನೆಟ್ಟಗಿಡಲು ಹೆಣಗುತ್ತಿತ್ತು!

ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ ಕೆಳಗೆ ನುಸುಳಿದೆ. ಬರೀ ಜಾಕ್ ನಂಬಿ ಕೆಳಗೆ ಹೋಗುವವರ ಧೈರ್ಯ ನನಗೆ ಬೇಡ. ಬಲ ಹಿಂದಿನ ಕಮಾನು ಪಟ್ಟಿಗಳ ಮೇಲೆ ಒದ್ದೆಯಿತ್ತು. ಬ್ರೇಕ್ ಪೈಪು ಸೋರುತ್ತಿದೆಯೇ? ಕೆಸರು ಮೆತ್ತಿಕೊಂಡು ಎಲ್ಲ ಕೊಳವೆಗಳೂ ಒಂದೇ ಬಣ್ಣವಾಗಿದ್ದವು. ಬಣ್ಣ ನಂಬದೆ ಪ್ರತಿಯೊಂದನ್ನೂ ತುದಿಯವರೆಗೆ ಬೆರಳಿನಿಂದ ಹಿಂಬಾಲಿಸಿದೆ. ಟ್ಯಾಂಕಿನಿಂದ ಹೊರಟದ್ದು ಪೆಟ್ರೋಲಿನದು. ಒಡಲಿನಿಂದ ಆಕ್ಸಲ್ಲಿಗೆ ರಬ್ಬರ್ ಹೋಸಿನ ಮೂಲಕ ಜಿಗಿದದ್ದು ಬ್ರೇಕಿನದು. ತೆಳ್ಳಗಿರುವುದೇ ಹೆಚ್ಚು ಒತ್ತಡ ತಾಳುವುದು ಇಲ್ಲಿಯ ವಿಚಿತ್ರ: ಜೋರಾಗಿ ಬ್ರೇಕ್ ತುಳಿದಾಗ ಆ ಸಣ್ಣ ಉಕ್ಕಿನ ಪೈಪಿನೊಳಗೆ ಟೈರಿನ ಗಾಳಿಗಿಂತ ಮೂವತ್ತು ಪಟ್ಟು ಒತ್ತಡವಿರಬಹುದು. ದಪ್ಪನೆಯ ಪೆಟ್ರೋಲ್ ಪೈಪಿನಲ್ಲಿ, ಪಂಪು ಎಂಜಿನ್ ಬದಿಯಲ್ಲಿರುವ ಹಳೆಯ ಕಾರುಗಳಲ್ಲಿ, ಒತ್ತಡವೇ ಇರುವುದಿಲ್ಲ, ಎಳೆತ ಇರುತ್ತದೆ.

ಒದ್ದೆಯ ಒಂದು ಹನಿಯನ್ನು ಫರಸಿಯ ಮೇಲೆ ಸವರಿ ನೀರು ಚಿಮುಕಿಸಿದೆ. ಬ್ರೇಕ್ ದ್ರವವಾಗಿದ್ದರೆ ನೀರಿನಲ್ಲಿ ಬೆರೆತು ಹೋಗಬೇಕಿತ್ತು. ಇದು ನೀರನ್ನು ಮುತ್ತಾಗಿಸಿ ದೂರ ತಳ್ಳಿತು. ಮೂಗಿಗೆ ಗಂಧಕದ ಕಟು ವಾಸನೆ. ಆಕ್ಸಲ್ ತುದಿಯ ಸೀಲು ಸೋರಿ ಬಂದ ಗೇರ್ ಎಣ್ಣೆ. ಅದನ್ನು ಒರೆಸಿದ ಮೇಲೆ, ಪಟ್ಟಿಗಳನ್ನು ಹಿಡಿದಿಡುವ ಕ್ಲಿಪ್ಪಿನ ಮರೆಯಲ್ಲಿ ಮೂರನೆಯ ಪಟ್ಟಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಕೆಂಪು ಗೆರೆ ಕಾಣಿಸಿತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಗೆರೆ ಬಾಯಿ ತೆರೆಯಿತು. ಪಟ್ಟಿ ಮುರಿದು ಎಷ್ಟೋ ದಿನವಾಗಿತ್ತು. ಹೊಲದಿಂದ ತೊಗರಿ ಮೂಟೆಗಳನ್ನು ಡಿಕ್ಕಿಯಲ್ಲಿ ತುಂಬಿ ತಂದದ್ದು ನೆನಪಾಗಿ ಸುಮ್ಮನಾದೆ.

ಪಟ್ಟಿ ಬದಲಾಯಿತು, ಸೀಲೂ ಬದಲಾಯಿತು. ಎರಡೂ ಕಡೆಯ ಕಮಾನುಗಳನ್ನು ಬೆಂಕಿಗೆ ಹಿಡಿಯದೆ ಸುತ್ತಿಗೆಯಿಂದಲೇ ತಿದ್ದಿಸಿದೆ. ಕೆಂಪಗೆ ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಈಗ ಖಾಲಿ ಕಾರಿನ ಬಲಭಾಗ ಎಡಕ್ಕಿಂತ 4 ಮಿಲಿಮೀಟರ್ ಎತ್ತರವಿದೆ. ನಾನು ಸ್ಟಿಯರಿಂಗ್ ಹಿಂದೆ ಕುಳಿತರೆ ಅದೂ ಇರುವುದಿಲ್ಲ.